ದಯಾನಂದ ಕಂಡಕ್ಟರ್ ಕಳೆದ ಪಾರ್ಸೆಲ್

ದಯಾನಂದ ಕಂಡಕ್ಟರ್ ಕೂತದ್ದನ್ನು ಕಂಡವರು ಕಡಿಮೆ. ಮೂಡುಬಿದಿರೆ–ಬೆಳ್ತಂಗಡಿ ರೂಟಿನ 'ಸುಪ್ರಭಾ' ಬಸ್ಸಿನಲ್ಲಿ ಇಪ್ಪತ್ತಾರು ವರ್ಷ, ಬಸ್ಸು ಖಾಲಿ ಹೊಡೆದರೂ ನಿಂತೇ ಇರುವ ಆಸಾಮಿ. ವಾಮದಪದವಿನ ಮನೆಯಲ್ಲಿ ಊಟಕ್ಕೆ ಕೂತರೆ ನೀರಿಗೆಂದು ಒಮ್ಮೆ, ಉಪ್ಪಿನಕಾಯಿಗೆಂದು ಒಮ್ಮೆ ಏಳುವುದು. ಹೆಂಡತಿ ರೇಗಿ ರೇಗಿ ಸಾಕಾಗಿ ಎಲ್ಲವನ್ನೂ ಬಟ್ಟಲ ಪಕ್ಕದಲ್ಲೇ ಜೋಡಿಸಿಡುತ್ತಿದ್ದರು. ಆಗ ದಯಾನಂದರು ಗೇಟು ಹಾಕಿದೆಯೋ ಇಲ್ಲವೋ ನೋಡಲು ಏಳುತ್ತಿದ್ದರು.

ನಮ್ಮ ಕಡೆ ಖಾಸಗಿ ಬಸ್ಸೆಂದರೆ ಅರ್ಧ ಅಂಚೆ ಕಚೇರಿ. ಮದ್ದು, ಮಾರ್ಕ್ಸ್ ಕಾರ್ಡು, ಮದುವೆಯ ಕಾಗದದ ಕಟ್ಟು, ಮಿಕ್ಸಿಯ ಜಾರು, ಏನಿದ್ದರೂ ಕಂಡಕ್ಟರ ಕೈಗೆ ಕೊಟ್ಟು ಇಂಥ ಸ್ಟಾಪಿನಲ್ಲಿ ಇಂಥವರು ಬರುತ್ತಾರೆ ಎಂದರೆ ಮುಗಿಯಿತು. ದಯಾನಂದರಿಗೆ ಅದರಲ್ಲೊಂದು ಗತ್ತು ಇತ್ತು. ಒಳಗೆ ಏನುಂಟು ಎಂದು ಅವರು ಕೇಳುವವರಲ್ಲ. ಬೆಲೆಬಾಳುವಂಥದ್ದು ಎಂದು ಕಂಡರೆ ಡ್ರೈವರ್ ಅಬ್ದುಲ್ ಸಲಾಂ ಪಕ್ಕದ ಬಾನೆಟ್ ಮೇಲೆ, ಇಂಜಿನ್ನಿನ ಮುಚ್ಚಳದ ಮೇಲೆ, ಇಡುತ್ತಿದ್ದರು. ಅಲ್ಲಿ ಯಾರ ಕೈಯೂ ಹೋಗುವುದಿಲ್ಲ, ಯಾರ ಕಾಲೂ ತಾಗುವುದಿಲ್ಲ. ಮಲ್ಲಿಗೆಯೊಂದನ್ನು ಮಾತ್ರ ಕಿಟಕಿಯ ಸರಳಿಗೆ, ಗಾಳಿ ಬೀಸುವಲ್ಲಿ ಕಟ್ಟುತ್ತಿದ್ದರು.

ಒಮ್ಮೆ ಅಳದಂಗಡಿಯ ವರ್ಧಮಾನ ಮಾಸ್ಟ್ರು ತಂಗಿಗೆಂದು ಕಳಿಸಿದ ಕನ್ನಡಕ ಒಡೆದುಹೋಗಿತ್ತು. ದಯಾನಂದರು ರಜೆ ಹಾಕಿ ಮಾಸ್ಟ್ರ ಅಂಗಳಕ್ಕೆ ಹೋಗಿ ನಿಂತರು. "ನನ್ನ ಕೈಯಲ್ಲಿ ಹಾಳಾದದ್ದು, ನನ್ನ ಬಾಯಲ್ಲೇ ಹೇಳುವ ಅಂತ ಬಂದೆ." ಮಾಸ್ಟ್ರು ನಕ್ಕು ಎಳನೀರು ಕೊಟ್ಟು ಕಳಿಸಿದರು. ಇಷ್ಟು ವರ್ಷಗಳಲ್ಲಿ ಅದೊಂದೇ ಕಪ್ಪುಚುಕ್ಕೆ ಎಂದು ದಯಾನಂದರು ಹೇಳಿಕೊಳ್ಳುತ್ತಿದ್ದರು. ಈ ಏಪ್ರಿಲಿನವರೆಗೆ.

ಅವರ ಮಗಳು ಅಕ್ಷಿತಾ ಬೆಳ್ತಂಗಡಿಯಲ್ಲಿದ್ದಾಳೆ. ಅವಳ ಮಗಳು ಸಾತ್ವಿಕಾಗೆ ಏಳು ವರ್ಷ. ಆ ಮಗುವಿನ ಮೈ ತನಗೆ ಬೇಕಾದ ರಕ್ತವನ್ನು ತಾನೇ ಮಾಡಿಕೊಳ್ಳುವುದಿಲ್ಲ, ಥಲಸ್ಸೇಮಿಯಾ. ಮೂರು ವಾರಕ್ಕೊಮ್ಮೆ ಹೊರಗಿನಿಂದ ರಕ್ತ ಕೊಡಲೇಬೇಕು. ದಿನ ಹತ್ತಿರ ಬಂದಂತೆ ತುಟಿ ಬಿಳುಚಿ, ಮೆಟ್ಟಿಲ ಮೇಲೆಯೇ ಕೂತುಬಿಡುತ್ತಾಳೆ. ರಕ್ತ ಹೋದ ಮರುದಿನ ಅದೇ ಮೆಟ್ಟಿಲಿನಿಂದ ಹಾರುತ್ತಾಳೆ. ಅಜ್ಜನ ಚಡಪಡಿಕೆ ತನಗೂ ಬಂದಿದೆ ಎಂದು ತೋರಿಸಲೋ ಏನೋ!

ಬೆಳ್ತಂಗಡಿಯ ಆ ಸಣ್ಣ ಆಸ್ಪತ್ರೆಯಲ್ಲಿ ರಕ್ತ ಇಡುವ ಫ್ರಿಜ್ಜು ಇದೆ, ಅದನ್ನು ನೋಡಿಕೊಳ್ಳುವ ಮುರ್ಶಿದಾ ಎಂಬ ಟೆಕ್ನಿಷಿಯನ್ ಇದ್ದಾಳೆ. ಮಗುವಿಗೆ ಹೊಂದುವ ರಕ್ತ ಮಾತ್ರ ಮೂಡುಬಿದಿರೆಯ ರಕ್ತನಿಧಿಯಿಂದ ಬರಬೇಕು. ಪ್ರತಿಸಲ ಆಸ್ಪತ್ರೆಯ ಅಟೆಂಡರ್ ಹೋಗಿ ತರುತ್ತಿದ್ದ. ಆ ಶನಿವಾರಕ್ಕೆ ತರಬೇಕು ಎನ್ನುವಾಗ ಅವನಿಗೆ ಜ್ವರ.

"ನಾನು ತರ್ತೇನೆ. ದಿನಾ ಅಲ್ಲಿಂದಲೇ ಬರುವವ ಅಲ್ವಾ ನಾನು?" ಎಂದು ಶುಕ್ರವಾರ ದಯಾನಂದರು ಮುಂದೆ ಬಿದ್ದರು.

ಮುರ್ಶಿದಾ ಒಂದು ಗಳಿಗೆ ಅವರನ್ನೇ ನೋಡಿ, ರಕ್ತ ತರುವ ನೀಲಿ ಡಬ್ಬ ಕೊಟ್ಟಳು. "ತೆರೆಯಬೇಡಿ ದಯಣ್ಣ. ಬಿಸಿಲಿಗೆ ಇಡಬೇಡಿ. ಅಡಿಮೇಲು ಮಾಡಬೇಡಿ. ಸೀದಾ ನನ್ನ ಕೈಗೇ ಕೊಡಿ."

"ಇಪ್ಪತ್ತಾರು ವರ್ಷದಿಂದ ಅದೇ ಕೆಲಸ ಮಗ."

ಶನಿವಾರ ಬೆಳಿಗ್ಗೆ ಎಂಟೂಮುಕ್ಕಾಲಿಗೆ ರಕ್ತನಿಧಿಯವರು ಡಬ್ಬದೊಳಗೆ ರಕ್ತದ ಚೀಲ ಇಟ್ಟು, ಮೇಲೆ ಐಸ್ ಪ್ಯಾಕು, ಒಂದು ಸಣ್ಣ ಉಷ್ಣಮಾಪಕ ಇಟ್ಟು ಮುಚ್ಚಿ ಕೊಟ್ಟರು. ದಯಾನಂದರು ಅದನ್ನು ದೇವರ ಪ್ರಸಾದ ಹಿಡಿದ ಹಾಗೆ ಎರಡೂ ಕೈಯಲ್ಲಿ ಹಿಡಿದು ಬಸ್ಸು ಹತ್ತಿದರು. ಬಾನೆಟ್ ಮೇಲಿದ್ದ ಪತ್ರಿಕೆಯ ಕಟ್ಟು, ಸಲಾಮನ ಬುತ್ತಿ ಎಲ್ಲವನ್ನೂ ಸರಿಸಿ ನಟ್ಟನಡುವೆ ಇಟ್ಟು, ಅಲುಗಾಡದಂತೆ ತನ್ನ ಹೆಗಲ ಮೇಲಿನ ಬೈರಾಸನ್ನು ಸುತ್ತ ಒತ್ತಿದರು. "ಸಲಾಂ, ಹೊಂಡ ನೋಡಿ ಬಿಡು ಮಾರಾಯ. ಮಗುವಿನದ್ದು" ಎಂದರು. ಸಲಾಂ ಆ ದಿನ ಬಿಟ್ಟಷ್ಟು ನಯವಾಗಿ ಯಾವತ್ತೂ ಬಸ್ಸು ಬಿಟ್ಟಿರಲಿಲ್ಲ. ಹೊಸಂಗಡಿ, ವೇಣೂರು, ಗುರುವಾಯನಕೆರೆ. ಪ್ರತಿ ಸ್ಟಾಪಿನಲ್ಲೂ ದಯಾನಂದರು ಟಿಕೆಟ್ ಬಿಟ್ಟು ಮುಂದೆ ಬಂದು ಡಬ್ಬ ಮುಟ್ಟಿ ನೋಡಿ ಹೋಗುತ್ತಿದ್ದರು. ಮುಟ್ಟಿದ್ದು ಮೇಲಿನ ಮುಚ್ಚಳವನ್ನು. ಅದು ತಣ್ಣಗೇ ಇತ್ತು.

ಹತ್ತು ಗಂಟೆಗೆ ಮುರ್ಶಿದಾ ಡಬ್ಬ ತೆರೆದಳು. ಉಷ್ಣಮಾಪಕ ನೋಡಿದಳು. ಚೀಲವನ್ನು ಎತ್ತಿ ಅದರ ಅಡಿಗೆ ಅಂಗೈ ಇಟ್ಟಳು. ಅವಳ ಮುಖ ಸಣ್ಣದಾಯಿತು.

"ಹದಿನಾಲ್ಕು ಡಿಗ್ರಿ ಉಂಟು. ಹತ್ತು ದಾಟಬಾರದು. ಇದನ್ನು ಎಲ್ಲಿ ಇಟ್ಟಿದ್ದಿರಿ ದಯಣ್ಣ?"

"ಬಾನೆಟ್ ಮೇಲೆ. ಯಾಕೆ?"

ಅವಳು ಚೀಲವನ್ನು ತಟ್ಟೆಯಲ್ಲಿಟ್ಟಳು.

"ಅಲ್ಲಿಗಿಂತ ಜಾಗ್ರತೆಯ ಜಾಗ ಬಸ್ಸಿನಲ್ಲಿ ಇಲ್ಲ!" ದಯಾನಂದರ ಸ್ವರ ಏರಿತು. "ಎಂತ ಆಗಿದೆ ಇದಕ್ಕೆ? ಬಣ್ಣ ಸರಿ ಉಂಟು, ಒಡೆದಿಲ್ಲ, ಸೋರಿಲ್ಲ. ಮೈಯೊಳಗೆ ಇರುವಾಗ ರಕ್ತ ಬಿಸಿ ಇರುವುದಿಲ್ವಾ?"

"ಮೈಯೊಳಗೆ ಅದನ್ನು ಕಾಪಾಡ್ಲಿಕ್ಕೆ ಮೈಯೇ ಉಂಟು. ಹೊರಗೆ ಬಂದ ಮೇಲೆ ತಣ್ಣಗೆ ಇಟ್ಟರೆ ಮಾತ್ರ ಉಳಿಯುವುದು. ಬಿಸಿಯಾದರೆ ಅದರಲ್ಲಿ ಕ್ರಿಮಿ ಬೆಳೆದರೂ ಕಣ್ಣಿಗೆ ಕಾಣ್ಲಿಕ್ಕಿಲ್ಲ. ಇದನ್ನು ಕೊಡ್ಲಿಕ್ಕೆ ಆಗುವುದಿಲ್ಲ."

"ಮತ್ತೆ ಫ್ರಿಜ್ಜಲ್ಲಿಟ್ಟು ತಂಪು ಮಾಡಿ ಕೊಡಿ ಮಾರಾಯ್ರೆ!"

"ಆಗುವುದಿಲ್ಲ ದಯಣ್ಣ."

"ನಾನು ಸೈನ್ ಹಾಕ್ತೇನೆ. ಏನಾದರೂ ಆದರೆ ನನ್ನ ತಲೆಗೆ."

"ಏನಾದರೂ ಆದರೆ ಅದು ಸಾತ್ವಿಕಾಗೆ ಆಗುವುದು," ಎಂದಳು ಮುರ್ಶಿದಾ. ಅವಳ ಕಣ್ಣು ತುಂಬಿತ್ತು. "ತಪ್ಪು ನನ್ನದೂ ಉಂಟು. ಬಿಸಿಲಿಗೆ ಇಡಬೇಡಿ ಅಂತ ಹೇಳಿದೆ, ಇಂಜಿನ್ ಮೇಲೆ ಇಡಬೇಡಿ ಅಂತ ನನಗೆ ಹೊಳೆಯಲೇ ಇಲ್ಲ."

ಒಳಗಿನ ಮಂಚದಲ್ಲಿ ಸಾತ್ವಿಕಾ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಕಿವಿ ಮೇಣದ ಹಾಗಿತ್ತು. ಪಕ್ಕದಲ್ಲಿ ಅಕ್ಷಿತಾ. ಅಪ್ಪನ ಗಲಾಟೆ ಅವಳಿಗೆ ಕೇಳಿಸಿತ್ತು. "ಅಪ್ಪ, ಬೊಬ್ಬೆ ಹೊಡೆಯಬೇಡಿ" ಎಂದಷ್ಟೇ ಹೇಳಿದಳು. ಬೈದಿದ್ದರೆ ಚೆನ್ನಾಗಿತ್ತು.

ದಯಾನಂದರಿಗೆ ಆಗ ಕಿಟಕಿಯ ಸರಳು ನೆನಪಾಯಿತು. ಮಲ್ಲಿಗೆ! ಬಾನೆಟ್ ಮೇಲಿಟ್ಟರೆ ಬಾಡುತ್ತದೆ ಎಂದು ತಾನೇ ಇಷ್ಟು ವರ್ಷ ಗಾಳಿಗೆ ಕಟ್ಟಿದ್ದಲ್ಲವೇ? ಹೂವಿನ ಮಟ್ಟಿಗೆ ಇದ್ದ ಬುದ್ಧಿ ಮೊಮ್ಮಗಳ ರಕ್ತದ ಮಟ್ಟಿಗೆ ಎಲ್ಲಿಗೆ ಹೋಗಿತ್ತು? ಅವರಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಮುರ್ಶಿದಾ ಆಗಲೇ ಫೋನಿನಲ್ಲಿದ್ದಳು. ರಕ್ತನಿಧಿಯಲ್ಲಿ ಹೊಂದಬಹುದಾದ ಇನ್ನೊಂದೇ ಒಂದು ಚೀಲ ಇತ್ತು. ಪರೀಕ್ಷೆ ಮಾಡಿ ಕೊಡಲು ಒಂದು ಗಂಟೆ ಬೇಕು. ಅದೂ ಹಾಳಾದರೆ ಸೋಮವಾರದವರೆಗೆ ಬೇರೆ ಇಲ್ಲ.

"ನಾನೇ ಹೋಗ್ತೇನೆ," ಎಂದರು ದಯಾನಂದರು. ಬೇಡ ಎನ್ನುತ್ತಾಳೆಂದು ಕಾದರು. ಅವಳು ಬೇರೊಂದು ಉಷ್ಣಮಾಪಕ ಹುಡುಕಿದಳು. ಅದರ ವಯರು ಡಬ್ಬದೊಳಗೆ ಹೋಗುತ್ತದೆ, ಅಂಕಿ ಹೊರಗೆ ಕಾಣುತ್ತದೆ. "ಮಡಿಲಲ್ಲಿ ಇಟ್ಟುಕೊಂಡು ಕೂತುಕೊಳ್ಳಿ. ನೆರಳಿನ ಬದಿಯಲ್ಲಿ. ಏಳಬೇಡಿ."

ಕೂತುಕೊಳ್ಳಿ! ಹೇಳುವುದು ಸುಲಭ.

ಅದೇ ಬಸ್ಸಿನಲ್ಲಿ ಹಿಂದಿರುಗುತ್ತ ಮಾಲೀಕರಿಗೆ ಫೋನು ಮಾಡಿದ್ದಕ್ಕೆ ಮೂಡುಬಿದಿರೆಯಲ್ಲಿ ರೋಹಿತ್ ಎಂಬ ಬದಲಿ ಕಂಡಕ್ಟರ್ ಬಂದ. ರಕ್ತನಿಧಿಯ ಮುಂದೆ ದಯಾನಂದರು ಆ ಒಂದು ಗಂಟೆಯಲ್ಲಿ ನಡೆದ ದೂರ ಲೆಕ್ಕ ಹಾಕಿದರೆ ವೇಣೂರು ಮುಟ್ಟುತ್ತಿದ್ದರು. ಮಧ್ಯಾಹ್ನ ಒಂದು ಗಂಟೆಗೆ ಡಬ್ಬ ಕೈಗೆ ಬಂತು. ಅಂಕಿ ನಾಲ್ಕು.

ಬಸ್ಸಿನೊಳಗೆ ಎಡಬದಿಯ ಸೀಟಿನಲ್ಲಿ ಕೂತರು. ಡಬ್ಬ ತೊಡೆಯ ಮೇಲೆ. ಸಲಾಂ ಕನ್ನಡಿಯಲ್ಲಿ ನೋಡಿದ. ಬಾನೆಟ್ ಕಡೆ ಅವನೂ ಕಣ್ಣು ಹಾಯಿಸಲಿಲ್ಲ. ಹತ್ತಿದವರೆಲ್ಲ "ಇದೆಂತ ದಯಣ್ಣ, ಕೂತಿದ್ದೀರಿ! ಹುಷಾರಿಲ್ವಾ?" ಎಂದು ಕೇಳುವವರೇ. ರೋಹಿತ್ ಹಿಂದಿನ ಬಾಗಿಲಲ್ಲಿ ಒಬ್ಬರಿಗೆ ಚಿಲ್ಲರೆ ಕೊಡದೆ ಬಿಟ್ಟ, ಹೊಸಂಗಡಿಯಲ್ಲಿ ಒಂದು ಅಜ್ಜಿಯನ್ನು ಇಳಿಸಲು ಮರೆತ. ದಯಾನಂದರ ಕಾಲು ತಾನಾಗಿ ಏಳಲು ನೋಡಿತು. ಡಬ್ಬ ಒತ್ತಿ ಹಿಡಿದು ಕೂತಲ್ಲಿಂದಲೇ ಕೂಗಿದರು. ಅಂಕಿ ಐದು.

ವೇಣೂರು ಹತ್ತಿರ ಮೋರಿ ಕೆಲಸ. ಒಂದೇ ಬದಿಯ ರಸ್ತೆಯಲ್ಲಿ ಲಾರಿಯೊಂದು ಅಡ್ಡ ಸಿಕ್ಕಿಕೊಂಡು, ಹಿಂದೆ ಮುಂದೆ ಸಾಲು ನಿಂತಿತು. ಬಸ್ಸು ನಿಂತಿತು, ಗಾಳಿಯೂ ನಿಂತಿತು. ಬೇರೆ ದಿನವಾದರೆ ದಯಾನಂದರು ಧುಮುಕಿ, ಸೀಟಿ ಊದಿ, ನಾಲ್ಕು ಜನರಿಗೆ ಬೈದು ದಾರಿ ಬಿಡಿಸುತ್ತಿದ್ದರು. ಈಗ ಅಂಕಿ ಆರು. ಬಿಸಿಲು ತಿರುಗಿ ಅವರ ಕಿಟಕಿಗೆ ಬಂತು. ಅಂಗಿ ಬಿಚ್ಚಿ ಡಬ್ಬಕ್ಕೆ ಹೊದೆಸಿದರು. ಬನಿಯನ್ನಿನಲ್ಲಿ ಕೂತ ಕಂಡಕ್ಟರನ್ನು ಕಂಡು ಕಾಲೇಜು ಹುಡುಗಿಯರು ಕಿಸಕ್ಕೆಂದರು. ಏಳು. "ರೋಹಿತಾ, ಇಳಿಯಾ ಮಾರಾಯ! ಲಾರಿಯವನಿಗೆ ಹಿಂದೆ ತೆಗೀಲಿಕ್ಕೆ ಹೇಳು! ಎಡಕ್ಕೆ ತಿರುಗಿಸು, ಎಡಕ್ಕೆ!" ಎದ್ದರೆ ಎರಡೇ ನಿಮಿಷದ ಕೆಲಸ. ಡಬ್ಬವನ್ನು ಪಕ್ಕದವರ ಕೈಗೆ ಕೊಟ್ಟರೆ? ಕೊಡಲಿಲ್ಲ. ಎಂಟು.

ಇಪ್ಪತ್ತೆರಡು ನಿಮಿಷದ ಮೇಲೆ ಲಾರಿ ಸರಿಯಿತು. ಅಲ್ಲಿಂದ ಬೆಳ್ತಂಗಡಿಯವರೆಗೆ ದಯಾನಂದರು ಆ ಅಂಕಿ ಬಿಟ್ಟು ಬೇರೇನನ್ನೂ ನೋಡಲಿಲ್ಲ. ಸಲಾಂ ಬಸ್ಸನ್ನು ಆಸ್ಪತ್ರೆಯ ಗೇಟಿನಲ್ಲೇ ನಿಲ್ಲಿಸಿದ. ಅಲ್ಲಿ ಸ್ಟಾಪಿಲ್ಲ, ಒಬ್ಬರೂ ತಕರಾರು ಎತ್ತಲಿಲ್ಲ. ಏಳಲು ಹೋದರೆ ಕಾಲಿಗೆ ಜೋಮು ಹಿಡಿದು ದಯಾನಂದರಿಗೆ ನಿಲ್ಲಲಾಗಲಿಲ್ಲ. ಅದೇ ಕಾಲೇಜು ಹುಡುಗಿಯರು ಎರಡು ಬದಿಯಲ್ಲಿ ಹಿಡಿದು ಇಳಿಸಿದರು.

"ಎಂಟು," ಎಂದಳು ಮುರ್ಶಿದಾ. ಚೀಲ ತೆಗೆದು ಅಡಿ ಮುಟ್ಟಿದಳು, ನಂಬರು ನೋಡಿದಳು, ಮತ್ತೊಮ್ಮೆ ನೋಡಿದಳು. "ಆಗ್ತದೆ."

ಮೂರು ಗಂಟೆಗೆ ರಕ್ತ ಹನಿಯತೊಡಗಿತು. ದಯಾನಂದರು ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತರು. ಸಾತ್ವಿಕಾ ಕಣ್ಣು ಬಿಟ್ಟು, "ಅಜ್ಜ, ನೀವು ಕೂತದ್ದಾ?" ಎಂದು ಆಶ್ಚರ್ಯದಿಂದ ಕೇಳಿದಳು. ಐದು ಗಂಟೆಯ ಹೊತ್ತಿಗೆ ಅವಳ ಕಿವಿಯ ತುದಿಗೆ ಬಣ್ಣ ಬಂತು. ಅಕ್ಷಿತಾ ಅಪ್ಪನಿಗೆ ಚಹಾ ತಂದುಕೊಟ್ಟಳು.

ಚಹಾ ಕುಡಿದು ಅವರು ಮುರ್ಶಿದಾಳ ಕೋಣೆಗೆ ಹೋದರು. ಬೆಳಗಿನ ಚೀಲ ಮೂಲೆಯ ಕಸದ ಹಳದಿ ತೊಟ್ಟಿಗೆ ಹೋಗಲು ತಟ್ಟೆಯಲ್ಲಿ ಕಾಯುತ್ತಿತ್ತು. ಈಗಲೂ ಅದರಲ್ಲಿ ಏನೂ ಕೆಟ್ಟದ್ದು ಕಾಣುತ್ತಿರಲಿಲ್ಲ.

"ಇದು ಯಾರು ಕೊಟ್ಟದ್ದು ಮಗ?"

"ಹೆಸರು ಇರುವುದಿಲ್ಲ ದಯಣ್ಣ. ನಮಗೂ ಗೊತ್ತಿರುವುದಿಲ್ಲ. ನಂಬರು ಮಾತ್ರ. ಯಾಕೆ?"

"ಅವರ ಮನೆಗೆ ಹೋಗಿ ಹೇಳಬೇಕಿತ್ತು."

ಮುರ್ಶಿದಾ ಪೆನ್ನು ಕೆಳಗಿಟ್ಟು ಅವರನ್ನೇ ನೋಡಿದಳು.

"ನನ್ನ ಕೈಯಲ್ಲಿ ಹಾಳಾದದ್ದಲ್ವಾ," ಎಂದರು ದಯಾನಂದರು. "ಪಾಪ, ಯಾರೋ ಒಂದು ಜೀವ ಉಳಿಯಲಿ ಅಂತ ಕೈ ಚಾಚಿ ಕೊಟ್ಟಿದ್ದಾರೆ. ಮುಟ್ಟಿತು ಅಂತಲೇ ತಿಳಿದಿರ್ತಾರೆ."

ಬೇರೇನು ಮಾಡಬೇಕೆಂದು ತಿಳಿಯದೆ ಅವಳು ಚೀಲದ ಮೇಲಿನ ನಂಬರನ್ನು ನಿಧಾನವಾಗಿ ಓದಿ ಹೇಳಿದಳು. ದಯಾನಂದರು ಜೇಬಿನಿಂದ ಒಂದು ಟಿಕೆಟ್ ತೆಗೆದು ಅದರ ಬೆನ್ನಿಗೆ ಒಂದೊಂದೇ ಅಂಕಿ ಬರೆದುಕೊಂಡರು. ಬರೆದದ್ದು ಸರಿಯೋ ಎಂದು ಅವಳ ಕೈಯಲ್ಲಿ ಇನ್ನೊಮ್ಮೆ ಓದಿಸಿದರು.