ಗುಂಡಿ ಬಿಟ್ಟು ಹೊರಟವನು

“ಹ್ವಾಯ್, ಗುಂಡಿ ಹಾಂಗೇ ಬಿಟ್ಕಂಡ್ ಹೋಪುದಾ?” ಎಂದು ಹಿಂದಿನಿಂದ ಹೆಂಗಸಿನ ದನಿ ಕೇಳಿತು. ಕೂಡಲೇ ನನ್ನ ಕೈ ಅಂಗಿಯ ಎದೆಗೆ ಹೋಯಿತು. ಗುಂಡಿಗಳೆಲ್ಲ ಹಾಕಿಯೇ ಇದ್ದವು. ಕೆಲಸದ ಹೊತ್ತಿನಲ್ಲೂ ಮರ್ಯಾದೆಯಾಗಿ ಉಡುವವನು ನಾನು. ತಿರುಗಿ ನಿಂತು, “ಸಮಾ ಕಾಣಿ, ಎಲ್ಲಾ ಹಾಕಂಡಿದೆ” ಎಂದೆ.

ಮೀನಿನ ಬುಟ್ಟಿ ಹೊತ್ತಿದ್ದ ಆಕೆ ನಗಲಿಲ್ಲ, ಮರಳಿನತ್ತ ಕೈ ತೋರಿದಳು. “ಅಂಗಿದಲ್ಲ ಮಾರಾಯ್ರೆ, ಹೊಯ್ಗಿದ್. ತಲಿ ಮೇಲ್ ಬುಟ್ಟಿ ಇದ್ರೆ ನಂಗೆ ಕಾಲ್ಬುಡ ಕಾಂತಿಲ್ಲೆ. ಬಿದ್ರೆ ನಿಮ್ಮ ಮೊಳಿ ಹೊಡ್ದ್ ನನ್ ಸ್ವಾಂಟ ಕೂಡ್ಸ್ತ್ರ್ಯಾ?”

ಬೈಂದೂರಿನ ಕಡಲದಂಡೆಯಲ್ಲಿ ಹಳೆ ದೋಣಿ ಒಡೆಯುವ ಜಾಗ ಅದು. ಕೋಲಿಗೆ ಅಯಸ್ಕಾಂತ ಕಟ್ಟಿ ಹೊಯ್ಗೆಯ ಮೇಲೆ ಆಡಿಸಿ, ಅದು ಎಳೆದಲ್ಲಿ ಅಗೆದು ಕಬ್ಬಿಣದ ಮೊಳೆ ಹೆಕ್ಕುವುದು ನನ್ನ ಕೆಲಸ. ಐದನೇ ಕ್ಲಾಸಿಗೆ ಶಾಲೆ ಬಿಟ್ಟರೂ ಕೆಲಸದಲ್ಲಿ ಯಾರಿಂದಲೂ ಹೇಳಿಸಿಕೊಂಡವನಲ್ಲ. ಆದರೆ ಹಿಂದೆ ನೋಡಿದರೆ, ಆಕೆ ದಿನವೂ ನಡೆಯುವ ದಾರಿಯಲ್ಲೇ ನಾನು ತೋಡಿದ ಹನ್ನೊಂದು ಗುಂಡಿ. ಬದಿಯಲ್ಲಿ ನಾನೇ ಬಿಸಾಡಿದ ತುಕ್ಕು ಡಬ್ಬಿ, ಒಡೆದ ಶೀಸೆಯ ಚೂರು. ಎಲ್ಲ ಮುಚ್ಚಿ, ಕಸವನ್ನೂ ನನ್ನ ಚೀಲಕ್ಕೆ ತುಂಬುವವರೆಗೆ ಆಕೆ ಬುಟ್ಟಿ ಇಳಿಸದೆ ಅಲ್ಲೇ ನಿಂತಿದ್ದಳು.

ಈಗ ಒಂದು ಗುಂಡಿ ಮುಚ್ಚದೆ ಇನ್ನೊಂದನ್ನು ಅಗೆಯುವುದಿಲ್ಲ. ಮುಚ್ಚಿ ತುಳಿದ ಮೇಲೆ, ಆಕಾಶ ನೋಡುತ್ತಾ ಅದರ ಮೇಲೆ ಒಮ್ಮೆ ನಡೆದು ಪರೀಕ್ಷೆ ಮಾಡುತ್ತೇನೆ. ಕಂಡವರು ತಲೆ ಕೆಟ್ಟಿದೆ ಎನ್ನಬಹುದು. ಕಾಲು ಮುರಿಯುವುದೇ ಆದರೆ ಮೊದಲು ನನ್ನದು ಮುರಿಯಲಿ.