ಕವಳ ಮತ್ತು ಥ್ರೋಬಾಲ್

ಮಗಳ ಕಾಲುಚೀಲ ಹುಡುಕಲು ಕಪಾಟಿನ ಕೆಳಖಾನೆ ಎಳೆದರೆ ನೋವಿನ ಎಣ್ಣೆಯ ಘಾಟು ಮೂಗಿಗೆ ಬಡಿಯಿತು. ಅದರ ಹಿಂದೆಯೇ ನನ್ನ ಮೊಣಕಾಲಿನ ಪಟ್ಟಿ ಹೊರಬಂತು. ಮಗಳು ಅದನ್ನು ತಲೆಗೆ ಹಾಕಿಕೊಂಡು, 'ಆಯೀ' ಎಂದು ನನ್ನನ್ನು ಕರೆದು, ಕನ್ನಡಿಯ ಮುಂದೆ ನಿಂತಳು. ಕಾಲುಚೀಲ ಸಿಗಲಿಲ್ಲ. ಆ ವಾಸನೆಯಲ್ಲಿ ಹೋದ ವರ್ಷದ ಒಂದು ಸಂಜೆ ಮಾತ್ರ ಇಡಿಯಾಗಿ ಸಿಕ್ಕಿತು.

ಮೊದಲೇ ಹೇಳಿಬಿಡುತ್ತೇನೆ, ನಾನು ಆಟಗಾರ್ತಿಯಲ್ಲ. ಗ್ರಂಥಾಲಯದಿಂದ ಹಾಸ್ಟೆಲ್ಲಿಗೆ ನಡೆದದ್ದೇ ಕಾಲೇಜಿನಲ್ಲಿ ನನ್ನ ಕ್ರೀಡಾಸಾಧನೆ. ಮಗಳು ಹುಟ್ಟಿದ ಮೇಲೆ ಸೊಂಟನೋವು, ನಿದ್ದೆಗೇಡು, ಕೈಯಿಂದ ಜಾರಿದ ಚಮಚದ ಮೇಲೂ ಸಿಟ್ಟು. ಡಾಕ್ಟರು ಗುಳಿಗೆ ಬರೆಯದೆ, ಮೈ ಬೆವರುವಷ್ಟು ಏನಾದರೂ ಆಡಿ ಎಂದರು. ಮಗುವಿನ ಹಿಂದೆ ಓಡುತ್ತಲೇ ಇರುತ್ತೇನಲ್ಲ ಎಂದೆ. ಅದು ಮಗುವಿನ ಆಟ, ನಿಮ್ಮದಲ್ಲ ಎಂದರು.

ಶಿರಸಿಯ ನಮ್ಮ ಓಣಿಯಲ್ಲಿ ಬಾಲವಾಡಿಯ ಹಿಂದೆ ಒಂದು ಮೈದಾನವಿದೆ. ಸಂಜೆ ಅಲ್ಲಿ ಅಪ್ಪಂದಿರು ವಾಲಿಬಾಲ್ ಆಡುತ್ತಿದ್ದರು. ಅಮ್ಮಂದಿರು ಮೆಟ್ಟಿಲ ಮೇಲೆ ಕೂತು ಅವರ ಚಪ್ಪಲಿ, ಮೊಬೈಲು ಮತ್ತು ಮಕ್ಕಳನ್ನು ಕಾಯುತ್ತಿದ್ದೆವು. ಆಟ ಮುಗಿಸಿ ಬಂದ ನನ್ನ ಗಂಡನ ಮುಖದಲ್ಲಿ ಒಂದು ಪ್ರಸನ್ನತೆ ಇರುತ್ತಿತ್ತು. ಅದನ್ನು ನೋಡಿದರೆ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಇಷ್ಟನ್ನು ನಿಮಗೆ ಮಾತ್ರ ಹೇಳುತ್ತಿದ್ದೇನೆ.

ಅವಳಿ ಮಕ್ಕಳ ತಾಯಿ ಗಾಯತ್ರಕ್ಕ ಒಂದು ದಿನ ಆಟದ ಮಧ್ಯೆಯೇ ಹೋಗಿ ನಿಂತು, ಇನ್ನು ಮೇಲೆ ದಿನ ಬಿಟ್ಟು ದಿನ ಮೈದಾನ ನಮಗೆ, ಆ ದಿನ ಮಕ್ಕಳು ನಿಮಗೆ ಎಂದಳು. ಅಪ್ಪಂದಿರು ನಕ್ಕು, ಥ್ರೋಬಾಲಿನಲ್ಲಿ ನಮ್ಮನ್ನು ಸೋಲಿಸಿ ತಗೊಳ್ಳಿ ಎಂದರು. ಸೋತರೆ ಮತ್ತೆ ಕೇಳುವಂತಿಲ್ಲ. ಒಬ್ಬರು ಕಡಿಮೆ ಬಿದ್ದದ್ದರಿಂದ ನನ್ನನ್ನೂ ಸೇರಿಸಿಕೊಂಡರು.

ಇಬ್ಬರ ನಡುವೆ ಬಂದ ಚೆಂಡಿಗೆ ಯಾರಾದರೂ ಒಬ್ಬರು 'ನಂದು' ಎಂದು ಕೂಗಬೇಕು. ನನಗೆ ಕೂಗಿ ಗೊತ್ತಿಲ್ಲ. ಇಳಿಯುವ ಜಾಗ ದಾಟಿದರೂ ಕಂಡಕ್ಟರನ್ನು ಕರೆಯದೆ, ಮುಂದಿನ ನಿಲ್ದಾಣದಲ್ಲಿ ಇಳಿದು ನಡೆದು ಬರುವ ಜಾಯಮಾನ ನನ್ನದು. ಅಭ್ಯಾಸದಲ್ಲಿ ಪಕ್ಕದ ನಸೀಮಾಳಿಗೆ 'ನೀವು ತಗೊಳ್ಳಿ' ಎನ್ನುವಷ್ಟರಲ್ಲಿ ಚೆಂಡು ನೆಲ ಸೇರಿರುತ್ತಿತ್ತು. ನಸೀಮಾಳ ಮನೆಯವರದು ಲಾರಿ ವ್ಯವಹಾರ. ಹಿಂದಕ್ಕೆ ಬರುವ ಲಾರಿಗೆ ದಾರಿ ತೋರಿಸಿ ಪಳಗಿದ ಗಂಟಲು ಅವಳದು. ಆದರೂ ನನ್ನ ಮರ್ಯಾದೆಯ ಮುಂದೆ ಅವಳೂ ಸೋತಳು. ಗಾಯತ್ರಕ್ಕ ನೀರು ಕುಡಿಯುತ್ತಾ ಹೇಳಿದಳು: "ತಂಗೀ, ಮನಸಲ್ಲೇ ಹೇಳ್ಕಂಡ್ರೆ ಬೇರೆಯವ್ಕೆ ಕೇಳ್ತಿಲ್ಲೆ."

ಪಂದ್ಯದ ಸಂಜೆ ಅಪ್ಪಂದಿರು ಚಹಾ ಕುಡಿದು, ಕವಳ ಹಾಕಿಕೊಂಡು ಬಂದರು. ನೀವು ನಮ್ಮ ಕಡೆಯವರಲ್ಲದಿದ್ದರೆ ಇದನ್ನು ಬಿಡಿಸಿ ಹೇಳಬೇಕು. ಇಲ್ಲಿ ಯಾವ ಗಂಭೀರ ಕೆಲಸಕ್ಕೂ ಮುನ್ನ ಎಲೆಯಡಿಕೆ ಬಾಯಿಗೆ ಹೋಗಬೇಕು. ಕವಳ ಹದಕ್ಕೆ ಬಂದ ಮೇಲೆ ಬಾಯಿ ತೆರೆಯುವಂತಿಲ್ಲ. ಗದ್ದ ಮೇಲೆತ್ತಿ 'ಉಂ' ಎನ್ನುವುದೇ ಮಾತು. ಉಗಿಯೋಣವೆಂದರೆ ಬಾಲವಾಡಿಯ ಅಕ್ಕೋರು, ಅಂದರೆ ಟೀಚರು, ಗೇಟಿನೊಳಗೆ ಉಗಿಯಲು ಬಿಡುವವರಲ್ಲ. ಅಂದು ಸೀಟಿ ಹಿಡಿದು ನಿಂತವರೂ ಅವರೇ.

ಮೊದಮೊದಲು ನಾವು ಹಿಂದೆ ಬಿದ್ದೆವು. ಆಮೇಲೆ ಚೆಂಡೊಂದು ನನ್ನ ಗಂಡ ಮತ್ತು ನಸೀಮಾಳ ಗಂಡನ ನಡುವೆ ಹೋಯಿತು. ಇಬ್ಬರೂ ಗದ್ದ ಎತ್ತಿ 'ಉಂ' ಎಂದರು. ಗದ್ದ ಎತ್ತಿದವರಿಗೆ ಆಕಾಶ ಕಾಣುತ್ತದೆ, ಚೆಂಡು ಕಾಣುವುದಿಲ್ಲ. ಅದು ಇಬ್ಬರ ಕಾಲಬುಡದಲ್ಲಿ ಬಿತ್ತು.

"ನಡುವೆ ಹಾಕಿ ಅಕ್ಕಾ," ನಸೀಮಾ ಮೆಲ್ಲಗೆ ಅಂದಳು. "ಯಾರೂ ಬಾಯಿ ಬಿಡೂದಿಲ್ಲ."

ಅಲ್ಲಿಂದ ನಾವು ನಡುವೆಯೇ ಹಾಕಿದೆವು. ಅವರು ಭುಜಕ್ಕೆ ಭುಜ ಬಡಿದುಕೊಂಡರು. ಒಬ್ಬರು ಮೈಮರೆತು 'ನಂದು' ಎಂದುಬಿಟ್ಟರು. ಅವರ ಬಿಳಿ ಬನಿಯನ್ ಕೆಂಪಾಯಿತು, ಮುಂದೆ ನಿಂತಿದ್ದವರ ಬೆನ್ನಿಗೂ ಪಾಲು ಸಿಕ್ಕಿತು. ಅಂಕ ಸಮವಾದಾಗ ಅವರಿಗೆ ಬುದ್ಧಿ ಬಂತು. ಇಡೀ ತಂಡ ಗೇಟಿನಾಚೆ ಓಡಿ, ಉಗಿದು, ಬಾಯಿ ಮುಕ್ಕಳಿಸಿ ಬಂತು. ಈಗ ಚೆಂಡು ಬರುವ ಮೊದಲೇ ನಂದು, ನಂದು ಎಂದು ಎಲ್ಲರೂ ಕೂಗತೊಡಗಿದರು.

ಉಳಿದದ್ದು ಕೊನೆಯ ಪಾಯಿಂಟು. ಚೆಂಡು ಎತ್ತರಕ್ಕೆ ಹೋಗಿ, ನನ್ನ ಮತ್ತು ನಸೀಮಾಳ ಸರಿ ನಡುವೆ ಇಳಿಯತೊಡಗಿತು. ನಾನು ಬಾಯಿ ತೆರೆದೆ. ಹೇಳಬೇಕಾದ ಶಬ್ದ ಬರಲಿಲ್ಲ. ಮನೆಯಲ್ಲಿ, ಬಾಗಿಲು ಹಾಕಿಕೊಂಡು, ಬಿಸಿ ಪಾತ್ರೆಯ ಕಡೆ ಕೈ ಚಾಚುವ ಮಗಳಿಗೆ ದಿನವಿಡೀ ಹೇಳುವ ಮಾತು ಬಂತು.

"ಮುಟ್ಟಡಾ!"

ನಸೀಮಾಳ ಕೈ ಹಿಂದಕ್ಕೆ ಹೋಯಿತು. ಗಾಯತ್ರಕ್ಕ ಕಂಬದ ಹಾಗೆ ನಿಂತಳು. ಮೆಟ್ಟಿಲ ಮೇಲಿನ ಮಕ್ಕಳೆಲ್ಲ ಬಿಸ್ಕೀಟು ಕೆಳಗಿಟ್ಟರು. ನಾನು ಮಂಡಿಯೂರಿ ಚೆಂಡು ಹಿಡಿದು ಆಚೆ ಎಸೆದೆ. ಬಲೆಯಾಚೆ ಅಪ್ಪಂದಿರೆಲ್ಲ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದರು. ಚೆಂಡು ಅವರ ಮಧ್ಯೆ ಬಿದ್ದು, ಉರುಳಿ, ಬೇಲಿಗೆ ತಾಗಿ ನಿಂತಿತು. ಇದು ನ್ಯಾಯವೇ ಎಂದು ಅವರು ಅಕ್ಕೋರ ಕಡೆ ತಿರುಗಿದರೆ, ಅಕ್ಕೋರೂ ಸೀಟಿಯಿಂದ ಕೈ ತೆಗೆದಿದ್ದರು. ಓಣಿಗೆಲ್ಲ ನನ್ನ ಗಂಟಲು ಗೊತ್ತಾಯಿತಲ್ಲ ಎಂಬ ನಾಚಿಕೆಯಲ್ಲಿ, ಮೊಣಕಾಲು ತರಚಿದ್ದು ನನಗೆ ತಿಳಿಯಲೇ ಇಲ್ಲ.

ಈಗ ದಿನ ಬಿಟ್ಟು ದಿನ ಮೈದಾನ ನಮ್ಮದು. ಎಷ್ಟು ಆರೋಗ್ಯ ಬಂದಿದೆಯೋ ಹೇಳಲಾರೆ, ಆಡಿದ ದಿನ ಮಗಳಿಗಿಂತ ಮೊದಲೇ ನನಗೆ ನಿದ್ದೆ ಹತ್ತುತ್ತದೆ. ಇವತ್ತು ಅಂಗಳದಲ್ಲಿ ಶೂ ಹಾಕಿಕೊಳ್ಳುತ್ತಿದ್ದಾಗ ಪಕ್ಕದ ಮನೆಯ ಅಜ್ಜಿ ಇಣುಕಿ, ಈ ಹೊತ್ತಿಗೆ ಎಲ್ಲಿಗೆ ಎಂದು ಕೇಳಿದರು. ಹಿಂದಾಗಿದ್ದರೆ ಪೇಟೆಗೆ ಎನ್ನುತ್ತಿದ್ದೆ. ಆಡಲಿಕ್ಕೆ ಎಂದೆ, ಅವರಿಗೆ ಕೇಳುವಷ್ಟು ಗಟ್ಟಿಯಾಗಿ. ಮತ್ತೆ ಮನೆಯಲ್ಲಿ ನೋಡಿಕೊಳ್ಳುವವರು ಯಾರು ಎಂದರು ಅಜ್ಜಿ. ಬಾಗಿಲಲ್ಲಿ ಅಪ್ಪನ ಬೆರಳು ಹಿಡಿದು ನಿಂತಿದ್ದ ಮಗಳು ತನ್ನ ಎದೆ ತಟ್ಟಿಕೊಂಡು ಉತ್ತರ ಕೊಟ್ಟಳು:

"ಆಯಿ ಆಡ್ಲಿ. ಅಪ್ಪನ್ನ ಆನು ನೋಡ್ಕತ್ತಿ."