ಬಿದ್ದ ಬಾಳೆಗೆ ಹರಿಣಾಕ್ಷಿಯ ಕಾವಲು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೀಂಜದ ಗುಡ್ಡದ ದಾರಿಯಲ್ಲಿ ಹರಿಣಾಕ್ಷಿ ಓಡುತ್ತಿದ್ದಾರೆ. ಹೆಸರಿನಲ್ಲಿರುವುದು ಜಿಂಕೆಯ ಕಣ್ಣು ಮಾತ್ರ. ಕಾಲೂ ಜಿಂಕೆಯದ್ದೇ ಎಂಬುದು ಗಾಳಿ ಬೀಸಿದ ಮರುದಿನ ಊರಿಗೆ ಗೊತ್ತಾಗುತ್ತದೆ. ಮನೆಮನೆಯ ಎದುರು ಒಂದೇ ಕೂಗು: "ಬಿದ್ದದ್ದನ್ನು ಮುಟ್ಟಬೇಡಿ! ಆಫೀಸರ್ ನೋಡುವವರೆಗೆ ಒಂದು ಸೋಗೆ ಕೂಡ ಎತ್ತಬೇಡಿ!"

ಹಿಂದೆ ಬೀಡಿ ಕಟ್ಟುತ್ತಿದ್ದವರು. ಬೀಡಿ ಕೆಲಸ ಕಡಿಮೆಯಾದ ಮೇಲೆ ಕೃಷಿಭವನದಲ್ಲಿ ದಿನಗೂಲಿಗೆ ಸೇರಿದರು. ಬೀಜ ತೂಗುವುದು, ಸಸಿ ಹಂಚುವುದು ಅಲ್ಲಿನ ಕೆಲಸ. ಈ ಓಟವನ್ನು ಯಾರೂ ವಹಿಸಿಲ್ಲ, ಇದಕ್ಕೆ ಕೂಲಿಯೂ ಇಲ್ಲ. ಪ್ರಕೃತಿ ವಿಕೋಪದ ಸಹಾಯಧನ ಸಿಗಬೇಕಾದರೆ ಬಿದ್ದ ಬೆಳೆ ಆಫೀಸರ ಕಣ್ಣಿಗೆ ಬೀಳಬೇಕು. ಊರವರ ಅಭ್ಯಾಸವೇ ಬೇರೆ. ಆಫೀಸರ್ ಬರುತ್ತಾರೆಂದರೆ ಮೊದಲು ತೋಟ ಗುಡಿಸುತ್ತಾರೆ.

"ಹೆಣ್ಣು ನೋಡಲು ಬರುವವರಿಗೆ ಮಾಡಿದ ಹಾಗೆ," ಎಂದು ಹರಿಣಾಕ್ಷಿ ನಗುತ್ತಾರೆ. "ಹೋದ ವರ್ಷ ಸುಬ್ಬರಾಯಣ್ಣ ಬಿದ್ದ ಅಡಿಕೆ ಮರ ಎಲ್ಲ ತುಂಡು ಮಾಡಿ ಅಟ್ಟಿ ಇಟ್ಟಿದ್ದರು." ತಕ್ಷಣ ಸುಬ್ಬರಾಯರ ಮೂಗಿನ ದನಿ ಅವರ ಬಾಯಿಗೆ ಬರುತ್ತದೆ: "ಬನ್ನಿ ಸಾರ್, ಎಷ್ಟು ಚಂದ ಮಾಡಿದ್ದೇನೆ ನೋಡಿ!"

ಇವತ್ತು ಆಯಿಶುಮ್ಮನ ಮನೆಗೆ ತಲುಪುವಾಗ ತಡವಾಗಿದೆ. ಗದ್ದೆ ಗೇಣಿಗೆ ಹಿಡಿದು ನೇಂದ್ರ ಬಾಳೆ ಹಾಕಿದವರು ಆಯಿಶುಮ್ಮ. ಉಪವಾಸದ ತಿಂಗಳು, ನಸುಕಿಗೆ ಮುಂಚಿನ ಅತ್ತಾಳದ ಊಟಕ್ಕೆ ಎದ್ದವರು ಮತ್ತೆ ಮಲಗದೆ ಕತ್ತಿ ಹಿಡಿದು ಗದ್ದೆಗಿಳಿದಿದ್ದಾರೆ. ಮುರಿದ ಬಾಳೆಗಳನ್ನು ಸಾಗಿಸಿ, ಉಳಿದ ಬುಡಗಳನ್ನೂ ನುಣ್ಣಗೆ ಕಡಿದಿದ್ದಾರೆ. ಈಗ ನೋಡಿದರೆ ಗೊನೆ ಮಾರಿ ಮುಗಿಸಿದ ತೋಟ.

"ಎಂತ ಮಾಡಿದಿರಿ ಆಯಿಶುಮ್ಮ!"

"ಆಫೀಸರಿಗೆ ಕಾಲಿಡಲು ಜಾಗ ಬೇಡವಾ ಮೋಳೆ? ಮರ್ಯಾದೆ ಅಂತ ಒಂದು ಉಂಟಲ್ಲ." ಹರಿಣಾಕ್ಷಿ ಅವರಿಗೆ ಯಾವತ್ತೂ ಮೋಳೆ, ಮಗಳು.

"ಮರ್ಯಾದೆಗೆ ಸರ್ಕಾರ ಎಂತದೂ ಕೊಡುವುದಿಲ್ಲ. ಬಾಳೆ ಎಲ್ಲಿ?"

"ಅರ್ಧ ಗೊಬ್ಬರದ ಗುಂಡಿಗೆ. ಅರ್ಧ ಪಕ್ಕದ ಮನೆ ಲೋಲಾಕ್ಷಿಯ ದನಕ್ಕೆ."

ಸಹಾಯಧನ ತಪ್ಪಿದರೆ ಮುಂದಿನ ಬೆಳೆಗೆ ಬಾಳೆಕಂದು ತರಲು ಆಯಿಶುಮ್ಮನಿಗೆ ಬೇರೆ ದಾರಿಯಿಲ್ಲ. ಹರಿಣಾಕ್ಷಿ ಸೀರೆ ಎತ್ತಿ ಕಟ್ಟಿ ಗುಂಡಿಗೆ ಇಳಿಯುತ್ತಾರೆ. ಸೆಗಣಿ ಮೆತ್ತಿದ ಬಾಳೆಗಳು ಎಳೆಕಾಯಿಯ ಗೊನೆ ಸಮೇತ ಒಂದೊಂದಾಗಿ ಮೇಲೆ ಬರುತ್ತವೆ.

"ಬುಡದ ಹತ್ತಿರವೇ ಇಡುವನಾ?" ಆಯಿಶುಮ್ಮ ದನಿ ತಗ್ಗಿಸುತ್ತಾರೆ. "ಈಗಷ್ಟೇ ಬಿದ್ದ ಹಾಗೆ ಕಾಣುತ್ತದೆ."

"ನಾಟಕ ಬೇಡ. ಬದುವಿನ ಮೇಲೆ ಸಾಲಾಗಿ ಇಡುವ. ಗುಂಡಿಯಿಂದ ತೆಗೆದದ್ದು ಅಂತಲೇ ಹೇಳುವ."

ಹತ್ತು ಗಂಟೆಗೆ ಕೃಷಿ ಆಫೀಸರ್ ಯೋಗೀಶ ಬರುತ್ತಾರೆ. ಬದುವಿನ ಮೇಲಿನ ಸಾಲು ನೋಡಿ ಹುಬ್ಬೇರಿಸುತ್ತಾರೆ. "ಇದೆಂತ ಹರಿಣಾಕ್ಷಿಯಕ್ಕ, ಗಾಳಿ ಸಾಲಾಗಿ ಮಲಗಿಸಿ ಹೋಗಿದೆಯಾ?"

"ಮಲಗಿಸಿದ್ದು ನಾವು ಸರ್. ಮುರಿದದ್ದು ಗಾಳಿ." ಗುಂಡಿಯ ಕಥೆ, ದನದ ಕಥೆ ಎರಡನ್ನೂ ಹರಿಣಾಕ್ಷಿ ಹೇಳಿಬಿಡುತ್ತಾರೆ.

ಯೋಗೀಶ ಕುಕ್ಕರಗಾಲಲ್ಲಿ ಕೂತು ಒಂದೊಂದನ್ನೂ ಹೊರಳಿಸುತ್ತಾರೆ. ನಾರು ಸಿಗಿದು ಜೋತುಬಿದ್ದ ತುದಿಗಳನ್ನು ಮುಟ್ಟಿ ನೋಡಿ ಫೋಟೋ ತೆಗೆಯುತ್ತಾರೆ. "ಕತ್ತಿಯಲ್ಲಿ ಕಡಿದದ್ದಲ್ಲ, ಸರಿ. ಇಲ್ಲಿರುವಷ್ಟನ್ನು ಬರೆಯುತ್ತೇನೆ. ದನದ ಹೊಟ್ಟೆಗೆ ಹೋದದ್ದನ್ನು ಬರೆಯಲು ನನ್ನಿಂದಾಗದು."

"ಆ ದನವನ್ನೇ ತಂದು ನಿಲ್ಲಿಸಿದರೆ?" ಆಯಿಶುಮ್ಮ ಕೇಳುತ್ತಾರೆ. ಆಫೀಸರ್ ನಗುತ್ತಾರೆ, ಆದರೆ ಬರೆಯುವುದಿಲ್ಲ.

ಅವರ ಜೀಪು ಹೋದ ಮೇಲೆ ಹರಿಣಾಕ್ಷಿ ತೋಡಿನಲ್ಲಿ ಕೈಕಾಲು ತೊಳೆಯುತ್ತಾರೆ. ಸಿಗುವ ಸಹಾಯಧನದಲ್ಲಿ ಗದ್ದೆಯ ಅರ್ಧಕ್ಕೆ ಕಂದು ಬಂದೀತು. ತಾನು ಉಪವಾಸವಿದ್ದರೂ ಆಯಿಶುಮ್ಮ ಅವರಿಗೆ ಚಾ ತಂದಿಡುತ್ತಾರೆ.

"ನಿನಗೆ ಎಂತ ಕೊಡಲಿ ಮೋಳೆ?"

"ನನಗೆ ಎಂತ ಬೇಡ. ಇನ್ನರ್ಧ ಹೋಯಿತಲ್ಲ, ಅದೇ ಬೇಸರ. ಇನ್ನು ಉಪವಾಸದ ತಿಂಗಳಲ್ಲಿ ಗಾಳಿ ಬಂದರೆ ಮೊದಲು ನಿಮ್ಮ ಕಡೆಗೇ ಓಡುತ್ತೇನೆ," ಎನ್ನುತ್ತಾರೆ ಹರಿಣಾಕ್ಷಿ. "ನನಗಿಂತ ಬೇಗ ಏಳುವವರು ಈ ಊರಲ್ಲಿ ನೀವು ಮಾತ್ರ."